ಹಾರ್ಡ್ ರಾಕ್‌ಗೆ ಯಾವ ಪಿಕಪ್?

ಪ್ರಶ್ನೆ: ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ನನ್ನ ಎಲೆಕ್ಟ್ರಿಕ್ ಗಿಟಾರಿನ ಮೂರೂ ಪಿಕಪ್‌ಗಳು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯವು. ಹಾರ್ಡ್ ರಾಕ್ ನುಡಿಸಲು ಡಿಸ್ಟಾರ್ಷನ್ (ಧ್ವನಿಯನ್ನು ಒರಟಾಗಿಸುವ ಪರಿಣಾಮ) ಏರಿಸಿದರೆ ಗುಂಯ್‌ಗುಡುತ್ತದೆ. ಏನು ಬದಲಿಸಲಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅದು ಮನೆಯ 50 ಹರ್ಟ್ಸ್ ವಿದ್ಯುತ್ತಿನ ಪ್ರಭಾವ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ರೂಪಿಸಿದ ಎರಡು ಸುರುಳಿಯ ಪಿಕಪ್ ಆದ ಹಂಬಕರ್‌ನಲ್ಲಿ ಎರಡು ಸುರುಳಿಗಳ ಸುತ್ತು ಮತ್ತು ಆಯಸ್ಕಾಂತದ ಧ್ರುವ ಪರಸ್ಪರ ವಿರುದ್ಧವಾಗಿರುವುದರಿಂದ, ಗುಂಯ್ ಸದ್ದು ಬಹುಮಟ್ಟಿಗೆ ರದ್ದಾಗಿ ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಅದನ್ನು ಕೂರಿಸಲು ಗಿಟಾರಿನ ಮರ ಕೊರೆಯಬೇಕಿಲ್ಲ; ಸಿಂಗಲ್ ಕಾಯಿಲ್ ಅಳತೆಯ ಹಂಬಕರ್‌ಗಳೂ ಸಿಗುತ್ತವೆ, ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿಗಳು ಆನುವ ಭಾಗ) ಬಳಿಯದೊಂದನ್ನು ಬದಲಿಸಿದರೆ ಸಾಕು. ಸೆರಾಮಿಕ್ ಆಯಸ್ಕಾಂತದ ಬಿರುಸಾದ ಪಿಕಪ್ ಆಕರ್ಷಕವೆನಿಸಬಹುದು, ಆದರೆ ಅತಿಯಾದ ಔಟ್‌ಪುಟ್‌ನಲ್ಲಿ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಒಂದೊಂದು ಸ್ವರವೂ ಕಲಸಿಹೋಗುವುದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ; ಆದ್ದರಿಂದ ಮಧ್ಯಮ ಔಟ್‌ಪುಟ್‌ನ ಆಲ್ನಿಕೊ 5 (ಒಂದು ಬಗೆಯ ಮಿಶ್ರಲೋಹದ ಆಯಸ್ಕಾಂತ) ಇರುವ ಪಿಕಪ್ ಆರಿಸಿ. ಧ್ವನಿ ಮಂಕೆನಿಸಿದರೆ 250 ಕಿಲೋ ಓಮ್ ವಾಲ್ಯೂಮ್ ಪಾಟ್ (ಧ್ವನಿ ಏರಿಳಿಸುವ ಗುಂಡಿಯ ಕೆಳಗಿನ ಬದಲಾಗುವ ರೋಧಕ) ತೆಗೆದು 500ರದ್ದನ್ನು ಹಾಕಿಸಿ.