ಮೇಪಲ್ ಎಲೆ ಬಿಡಿ, ಮೊದಲು ಎರಡು ಮೀಟರ್ ಲಾಡಿ ತನ್ನಿ

ಶರತ್ಕಾಲಕ್ಕೆ ಮನೆ ಅಲಂಕಾರ ಮಾಡಬೇಕು, ಕ್ರೋಶಾದಲ್ಲಿ ಕುಂಬಳಕಾಯಿ ಮತ್ತು ಮೇಪಲ್ ಎಲೆಯ ತೋರಣ ಹೆಣೆಯಬೇಕು, ಉಲ್ಲನ್ ತಗೊಳ್ಳಲಾ ಕಾಟನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಇರೋದು ಹುಬ್ಬಳ್ಳಿಯಲ್ಲಿ, ಕೈ ಹೊಸದು, ಒಂದು ತಿಂಗಳು ಟೈಮಿದೆ. ಓದಿ ನಗು ಬಂತು, ತಪ್ಪು ತಿಳಿಯಬೇಡಿ. 2022ರಲ್ಲಿ ನನಗೂ ಇದೇ ಹುಚ್ಚು ಹಿಡಿದಿತ್ತು.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಮನೆ. ಮುಂಬಾಗಿಲು ಮೂರೂವರೆ ಅಡಿ ಅಗಲ. ಎತ್ತರ ಆರು ಅಡಿ, ಅಷ್ಟೇ. ಯಾವುದೋ ವಿಡಿಯೋ ನೋಡಿ ಕಿತ್ತಳೆ ಬಣ್ಣದ ಮೇಪಲ್ ಎಲೆ ಹೆಣೆಯಲು ಕೂತೆ. ನಾಲ್ಕು ಎಲೆ ಮುಗಿದಿದ್ದವು. ನಮ್ಮ ಅತ್ತೆ ಬಂದು ಒಂದನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. ಅವರ ತವರು ಅಣ್ಣಿಗೇರಿ ಕಡೆ, ಎರೆ ಹೊಲದ ಮಂದಿ. "ಹತ್ತಿ ಎಲಿ ಛೊಲೋ ಆಗೇತಿ. ಆದ್ರ ಒಣಗಿದ್ದ್ಯಾಕ ಮಾಡೀಯವಾ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಅದು ಹತ್ತಿ ಎಲೆ ಥರಾನೇ ಇತ್ತು. ಎಲೆ ಕೆಂಪಾಗಿ ಉದುರುವ ಶರತ್ಕಾಲ ಕೆನಡಾ, ಅಮೆರಿಕದ್ದು. ಅಲ್ಲಿ ಅಕ್ಟೋಬರ್ ಅಂದರೆ ಮೇಪಲ್ಲು, ಕುಂಬಳಕಾಯಿ. ನಮ್ಮಲ್ಲಿ ಶರದೃತು ಅಂದರೆ ಆಶ್ವೀಜ, ಕಾರ್ತಿಕ. ದಸರಾ, ಸೀಗಿ ಹುಣ್ಣಿಮೆ, ದೀಪಾವಳಿ ಎಲ್ಲಾ ಆಗಲೇ. ಹೊಲ ಹಸಿರಾಗಿರುತ್ತದೆ, ಸಂತೆಯಲ್ಲಿ ಚೆಂಡು ಹೂವಿನ ರಾಶಿ. ನಮ್ಮ ಕಡೆ ಗಿಡ ಬೋಳಾಗುವುದು ಶಿವರಾತ್ರಿ ಹೊತ್ತಿಗೆ. ಇನ್ನು ಕ್ರೋಶಾ ಕುಂಬಳಕಾಯಿ ಹೊಸ್ತಿಲ ಹತ್ತಿರ ಇಟ್ಟರೆ, ಖಂಡೇನವಮಿಗೆ ಒಡೆಯೋಕೆ ತಂದದ್ದೇನು ಅಂತ ಬಂದವರೆಲ್ಲ ಕೇಳುತ್ತಾರೆ. ಹಾಗಾಗಿ ಎಲೆಗಳನ್ನು ಹಸಿರು ದಾರದಲ್ಲಿ ಮತ್ತೆ ಹೆಣೆದೆ. ನಡುನಡುವೆ ಚೆಂಡು ಹೂ, ಬಿಳಿ ಹತ್ತಿ ಕಾಯಿ. ಒಟ್ಟು 21 ಹೂ, ಕೆಳಗೆ ಇಳಿಬಿದ್ದ ಲಟಕಣ ಐದು. ಒಂದು ಹೂವಿಗೆ ಅರ್ಧ ಗಂಟೆ ಹಿಡಿಯಿತು.

ಇಲ್ಲಿವರೆಗೂ ಎಲ್ಲಾ ಸರಿ ಇತ್ತು. ತಪ್ಪಿದ್ದು ಇವನ್ನೆಲ್ಲ ಪೋಣಿಸುವ ಮೇಲಿನ ಅಡ್ಡಪಟ್ಟಿಯಲ್ಲಿ.

ಬಾಗಿಲು 42 ಇಂಚು ಅಲ್ವಾ, ಪಟ್ಟಿಯನ್ನು ಮಂಚದ ಮೇಲೆ ಹರಡಿ, ಕೈಯಿಂದ ಸವರಿ, ಟೇಪು ಹಿಡಿದು ಸರಿಯಾಗಿ 42 ಇಂಚು ಮಾಡಿದೆ. ಮಂಚದ ಮೇಲೆ! ಮಲಗಿದ ಪಟ್ಟಿಗೆ ಭಾರ ಎಲ್ಲಿಂದ ಬರಬೇಕು? ಕ್ರೋಶಾ ಅಂದರೆ ಪೂರ್ತಿ ಕುಣಿಕೆಗಳೇ. ನೇಯ್ದ ಬಟ್ಟೆ ಹಾಗಲ್ಲ, ಅದರಲ್ಲಿ ಎಳೆಗಳು ನೆಟ್ಟಗೆ ಓಡುತ್ತವೆ. ಕುಣಿಕೆಗೆ ಭಾರ ಬಿದ್ದರೆ ಒಂದೊಂದೂ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ನೂರಾರು ಕುಣಿಕೆ ಸೇರಿದರೆ ಲೆಕ್ಕ ಇಂಚಿಗೆ ಬರುತ್ತದೆ. ಸಾಲದ್ದಕ್ಕೆ ಬೇಗ ಮುಗಿಯಲಿ ಅಂತ ತೆಳ್ಳನೆ ದಾರಕ್ಕೆ 4 ಎಂಎಂ ಸೂಜಿ ಹಿಡಿದಿದ್ದೆ. ಅದಕ್ಕೆ 2.5 ಸಾಕಿತ್ತು. ಹೆಣಿಕೆ ಸಡಿಲವಾಯಿತು. ಹೂ, ಎಲೆ, ಲಟಕಣ ಎಲ್ಲಾ ಸೇರಿ ಅಡುಗೆಮನೆ ತಕ್ಕಡಿಯಲ್ಲಿ ಕಾಲು ಕೆಜಿ ಬಂತು (ಇದನ್ನು ತೂಗಿದ್ದೂ ಎಲ್ಲಾ ಮುಗಿದ ಮೇಲೆ). ಎರಡು ತುದಿಗೆ ಎರಡೇ ಮೊಳೆ. ಆ ವಾರ ಜಿಟಿಜಿಟಿ ಮಳೆ ಬೇರೆ, ಕಾಟನ್ ತೇವ ಕುಡಿಯಿತು.

ಘಟ್ಟ ಹಾಕುವ ದಿನ, ಅಂದರೆ ನವರಾತ್ರಿಯ ಮೊದಲ ದಿನ, ಕಟ್ಟಿದ ತೋರಣ ದಶಮಿಯ ಹೊತ್ತಿಗೆ 46 ಇಂಚು ಆಗಿತ್ತು. ನಾಲ್ಕೇ ಇಂಚು ಅಲ್ವಾ ಅನ್ನಬೇಡಿ, ಇಲ್ಲೇ ಎಲ್ಲರೂ ಮೋಸ ಹೋಗೋದು. ಮೊಳೆಗಳು ಇದ್ದಲ್ಲೇ ಇರುತ್ತವೆ, ಹೆಚ್ಚಾದ ಉದ್ದವೆಲ್ಲ ನಡುವೆ ಜೋಲುತ್ತದೆ. 42 ಇಂಚಿನ ಪಟ್ಟಿ ಒಂದು ಇಂಚು ಬೆಳೆದರೆ ನಡುವೆ ಸುಮಾರು ನಾಲ್ಕು ಇಂಚು ಇಳಿಯುತ್ತದೆ. ನಾಲ್ಕು ಇಂಚು ಬೆಳೆದರೆ ಎಂಟು ಇಂಚು. ನಂಬಿಕೆ ಬರದಿದ್ದರೆ ಎರಡು ಮೊಳೆಗೆ ದಾರ ಕಟ್ಟಿ ನೋಡಿ. ಅದರ ಕೆಳಗೆ ಆರು ಇಂಚಿನ ಲಟಕಣ. ಅಲ್ಲಿಗೆ ಆರು ಅಡಿ ಬಾಗಿಲು ಐದು ಅಡಿಗೂ ಕಮ್ಮಿ ಆಯಿತು.

"ತೋರಣಾನೋ ಜೋಕಾಲಿನೋ?" ಅಂತ ಅತ್ತೆ ಮೂರನೇ ದಿನವೇ ಕೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಜಯದಶಮಿ ಸಂಜೆ ಓಣಿಯ ಅಜ್ಜ ಒಬ್ಬರು ಬನ್ನಿ ಕೊಡಲು ಬಂದರು. ತಲೆಗೆ ರುಮಾಲು. "ಬನ್ನಿ ತಗೊಂಡು ಬಂಗಾರದಂಗ..." ಅನ್ನುತ್ತಾ ಒಳಗೆ ಕಾಲಿಟ್ಟರು. ನಡುವಿನ ಲಟಕಣ ರುಮಾಲಿಗೆ ಸಿಕ್ಕಿತು. ಅಜ್ಜ ಮುಂದೆ ಬಂದರು, ರುಮಾಲು ಬಿಚ್ಚುತ್ತಾ ಹಿಂದೆ ಉಳಿಯಿತು. ಒಂದು ಕಡೆಯ ಮೊಳೆ ಕಿತ್ತು ಇಡೀ ತೋರಣ ಅವರ ಹೆಗಲ ಮೇಲೆ. ಅವರು ಮಾತ್ರ "ಮಾಲಿ ಹಾಕಿ ಸನ್ಮಾನ ಮಾಡಿದ್ರೇನವಾ?" ಅಂತ ನಕ್ಕರು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ, ಹದಿನೈದು ನಿಮಿಷ ಹೊರಗೆ ಬರಲಿಲ್ಲ.

ಈಗ ನಿಮ್ಮ ವಿಷಯ. ಮೊದಲು ಪಟ್ಟಿಯದ್ದೇ ಒಂದು ಹತ್ತು ಇಂಚಿನ ತುಂಡು ಹೆಣೆಯಿರಿ. ಅದರ ತುದಿಗೆ ಕಾಲು ಕೆಜಿ ಸಕ್ಕರೆ ಪೊಟ್ಟಣ ಕಟ್ಟಿ ರಾತ್ರಿಯಿಡೀ ಜೋತುಬಿಡಿ. ಬೆಳಿಗ್ಗೆ ಹನ್ನೊಂದು ಇಂಚು ಆಗಿದ್ದರೆ ಬಾಗಿಲಿನ ಪಟ್ಟಿಯನ್ನು ಹನ್ನೊಂದನೇ ಒಂದು ಪಾಲು ಗಿಡ್ಡ ಹೆಣೆಯಬೇಕು ಅಂತ ಅರ್ಥ. ಆಮೇಲೆ ಬಾಗಿಲಿನ ಅಳತೆಗೆ ಲಾಡಿ ಕತ್ತರಿಸಿ, ಪಟ್ಟಿಯನ್ನು ಅಷ್ಟಕ್ಕೆ ಎಳೆದು ಹಿಂದೆ ಹೊಲಿಯಿರಿ. ಪರಕಾರಕ್ಕೆ (ಸೀರೆಯ ಒಳಲಂಗಕ್ಕೆ) ಹಾಕುತ್ತಾರಲ್ಲ, ಅದೇ ಲಾಡಿ. ಅದು ಹಿಗ್ಗುವುದಿಲ್ಲ, ಭಾರ ಅದರ ಮೇಲೆ ಬೀಳುತ್ತದೆ. ಮೊಳೆ ಎರಡಲ್ಲ, ಐದು.

ದಾರ ಕಾಟನ್ನೇ ತಗೊಳ್ಳಿ, ಇದರಲ್ಲಿ ನನ್ನದು ಹಟ. ಉಲ್ಲನ್ ಅಂತ ಅಂಗಡಿಯಲ್ಲಿ ಕೊಡುವುದು ಬಹಳ ಸಲ ಅಕ್ರಿಲಿಕ್. ಬಿಸಿ ತಾಗಿದರೆ ಕರಗಿ ಅಂಟುತ್ತದೆ. ದೀಪಾವಳಿಗೂ ಅದೇ ತೋರಣ ಇರುತ್ತದೆ ತಾನೇ? ಕಾಟನ್ ಕೂಡ ಹೊತ್ತಿಕೊಳ್ಳುತ್ತದೆ, ಹಾಗಾಗಿ ಪಣತಿ ದೂರವೇ ಇಡಿ. ಬನ್ನಿ ಎಲೆ ಹೆಣೆಯಲು ಮಾತ್ರ ಹೋಗಬೇಡಿ. ಅಷ್ಟು ಸಣ್ಣ ಎಲೆ, ಕಣ್ಣು ಹೋಗುತ್ತದೆ.

ಬಾಗಿಲು ಮುಗಿದು ಇನ್ನೂ ಹುಮ್ಮಸ್ಸಿದ್ದರೆ ಕಸೂತಿಯ ಗೋಪುರ, ತೇರು ನೋಡಿ ಟೀಪಾಯಿಗೆ ಒಂದು ಹಾಸು ಹೆಣೆಯಿರಿ. ಚೌಕಳಿ ಹಾಳೆಯಲ್ಲಿ ಬರೆದುಕೊಂಡು, ತುಂಬಿದ ಮನೆಗೆ ಕಂಬ (ನೆಟ್ಟಗೆ ನಿಲ್ಲುವ ಉದ್ದ ಹೆಣಿಕೆ), ಖಾಲಿ ಮನೆಗೆ ಚೈನ್ (ಬರೀ ಕುಣಿಕೆಯ ಸರಪಳಿ). ಕಸೂತಿಯಲ್ಲಿ ನೇಯ್ದಂತೆ ಕಾಣುವ ನೇಗಿ ಹೊಲಿಗೆಯ ಚಿತ್ರಗಳು ಚೆನ್ನಾಗಿ ಕೂರುತ್ತವೆ.

ಹೊಸ ಕೈಗೆ 21 ಹೂ ಬೇಡ, 11 ಸಾಕು. ನಿಮ್ಮ ಬಾಗಿಲಿನ ಅಗಲ ಎಷ್ಟು, ತುಂಡು ಎಷ್ಟು ಹಿಗ್ಗಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಪಟ್ಟಿಯ ಲೆಕ್ಕ ಹಾಕಿ ಕೊಡುತ್ತೇನೆ.