ಮದುವೆಯ ಗುಲಾಬಿ ಹಾರ, ಬೊಕೆ, ಮಂಟಪದ ಹೂ ಒಂದಕ್ಕೊಂದು ಹೊಂದುವಂತೆ ಆರಿಸುವುದು ಹೇಗೆ?

ಮೊದಲು ಧಾರೆ ಸೀರೆ ನೋಡಿ, ಆಮೇಲೆ ಹೂ. ಎಲ್ಲವೂ ಒಂದೇ ಬಣ್ಣ ಇರಬೇಕು ಅಂತೇನಿಲ್ಲ. ನಮ್ಮ ಅಕ್ಕನ ಮದುವೆಯಲ್ಲಿ ಮರೂನ್ ಸೀರೆಗೆ ಕಡುಕೆಂಪು ಗುಲಾಬಿ ಹಾರ ತಂದಿದ್ದೆವು, ಫೋಟೋದಲ್ಲಿ ಹಾರ ಎಲ್ಲಿದೆ ಅಂತ ಹುಡುಕಬೇಕು! ಕಡು ಬಣ್ಣದ ಸೀರೆಗೆ ಸುಗಂಧರಾಜದ ಬಿಳಿ ಹಾರ ಮಾಡಿಸಿ, ನಡುನಡುವೆ ಕೆಂಪು ಗುಲಾಬಿ ಸೇರಿಸಿದರೆ ಎದ್ದು ಕಾಣುತ್ತದೆ. ಕೆನೆ ಬಣ್ಣದ ಸೀರೆಗಾದರೆ ಕೆಂಪು ಹಾರವೇ ಚೆಂದ.

ಹಾರದಲ್ಲಿರುವ ಒಂದು ಬಣ್ಣ ಮಂಟಪದ ಕಂಬಗಳಲ್ಲೂ ಬರಲಿ, ಅಷ್ಟು ಸಾಕು. ಉಳಿದದ್ದಕ್ಕೆ ಸೇವಂತಿಗೆ, ಚೆಂಡುಹೂ, ಮಾವಿನೆಲೆ ಹಾಕಿಸಿ. ಇಡೀ ಮಂಟಪಕ್ಕೆ ಗುಲಾಬಿ ಸುಮ್ನೆ ಖರ್ಚು, ಫೆಬ್ರವರಿಯಲ್ಲಂತೂ ಪ್ರೇಮಿಗಳ ದಿನದಿಂದಾಗಿ ರೇಟು ಇನ್ನೂ ಜಾಸ್ತಿ.

ರಿಸೆಪ್ಷನ್ ಬೊಕೆಗೆ ಉದ್ದ ಕಾಂಡದ ಡಚ್ ಗುಲಾಬಿ ತೆಗೆದುಕೊಳ್ಳಿ. ಮಂದ ಬೆಳಕಿನಲ್ಲಿ ಕಡುಕೆಂಪು ಕಪ್ಪಾಗಿ ಕಾಣುತ್ತದೆ, ಪೀಚ್ ಅಥವಾ ತಿಳಿಗುಲಾಬಿ ಬಣ್ಣ ಒಳ್ಳೆಯದು.

ಬೆಂಗಳೂರಿನವರಾದರೆ ಬ್ಲೌಸ್ ಪೀಸ್ ಹಿಡಿದುಕೊಂಡು ಬೆಳಗ್ಗೆ ಬೇಗ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಬಣ್ಣವನ್ನು ಹಗಲು ಬೆಳಕಿನಲ್ಲೇ ಹೋಲಿಸಿ ನೋಡಿ. ಮೊಗ್ಗಿನ ಬುಡವನ್ನು ಮೆಲ್ಲಗೆ ಒತ್ತಿ. ಗಟ್ಟಿಯಿದ್ದರೆ ತಾಜಾ, ಮೆತ್ತಗಿದ್ದರೆ ಬೇಡ. ಕಾಂಡವನ್ನು ಓರೆಯಾಗಿ ಕತ್ತರಿಸಿ ರಾತ್ರಿಯಿಡೀ ಬಕೆಟ್ ನೀರಿನಲ್ಲಿಡಿ. ಹಾರವನ್ನು ಮಾತ್ರ ಮುಹೂರ್ತದ ದಿನ ಬೆಳಗಿನ ಜಾವವೇ ಕಟ್ಟಿಸಿ, ಒದ್ದೆ ಬಟ್ಟೆ ಹೊದಿಸಿಡಿ.