ಒಪ್ಪಿಗೆ ಇದೆಯೆಂದಿರಿ, ಕಾಗದ ಎಲ್ಲಿದೆ?

ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಹನ್ನೊಂದು ತಿಂಗಳು, ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ, ಗಂಡನ ಕೆಲಸದ ವೀಸಾವನ್ನು ಆಧರಿಸಿದ ಎಚ್-4 ವೀಸಾ. ಬೇರೆಯಾಗಲು ಇಬ್ಬರೂ ಒಪ್ಪಿದ್ದೇವೆ, ಜಗಳವಿಲ್ಲ, ಏನೇನು ಹೊಂದಿಸಿಕೊಳ್ಳಬೇಕು ಅಕ್ಕಾ, ಊರಿಗೆ ಹೋಗಿಯೇ ಅರ್ಜಿ ಹಾಕಬೇಕೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮೈಸೂರಿನ ವಿಜಯನಗರದಲ್ಲಿ ಅವರ ಹೆಸರಿನಲ್ಲಿ ಒಂದು ಸೈಟು ಇದೆ, ಅದು ಇಲ್ಲಿನ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದೂ ಸೇರಿಸಿದ್ದೀರಿ. ನಾನು ಈ ಕಡೆ ಬಂದು ಇಪ್ಪತ್ತೆರಡು ವರ್ಷವಾಯಿತು. ನೀವು ಈಗ ಹೊರಟಿರುವ ದಾರಿಯನ್ನು ಒಮ್ಮೆ ನಡೆದವಳೂ ಹೌದು. ವಕೀಲಳಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.

ಊರಿಗೆ ಹೋಗಬೇಕಿಲ್ಲ. ಮದುವೆ ಎಲ್ಲಿ ನಡೆಯಿತು, ವೀಸಾ ಯಾವುದು ಎಂಬುದು ಇಲ್ಲಿನ ಕೋರ್ಟಿಗೆ ಅಡ್ಡಿಯಲ್ಲ. ಇಬ್ಬರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು, ಅರ್ಜಿ ಹಾಕುವ ಕೌಂಟಿಯಲ್ಲಿ ಮೂರು ತಿಂಗಳು ವಾಸವಿದ್ದರೆ ಸಾಕು. ತಪ್ಪು ಯಾರದು ಎಂದೂ ಕೇಳುವುದಿಲ್ಲ. 1970ರಿಂದ ಈ ರಾಜ್ಯದಲ್ಲಿ ಆ ಪ್ರಶ್ನೆಯೇ ಇಲ್ಲ. ಅರ್ಜಿಯ ಒಂದು ಚೌಕದಲ್ಲಿ ಗುರುತು ಹಾಕಿದರೆ ಕಾರಣ ಹೇಳಿದಂತಾಯಿತು. ನಾನು ಅತ್ತೆ ಏನೆಂದರು, ಯಾರು ಮೊದಲು ಮಾತು ಬಿಟ್ಟರು ಎಂದೆಲ್ಲ ಮೂರು ಪುಟ ಬರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದಾಕೆ ಅದನ್ನು ಮೆಲ್ಲನೆ ನನ್ನ ಕಡೆಗೇ ಸರಿಸಿ, ಎರಡು ದಿನಾಂಕ ಕೇಳಿದಳು.

ಒಂದು ಮದುವೆಯ ದಿನಾಂಕ. ಸಬ್ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣಪತ್ರ ನೋಡಿ ಬರೆಯಿರಿ. ಮುಹೂರ್ತದ ದಿನವೂ ನೋಂದಣಿಯ ದಿನವೂ ಬೇರೆಯಾಗಿರಬಹುದು, ಬೇಕಾದದ್ದು ಮದುವೆಯಾದ ದಿನ. ಇನ್ನೊಂದು, ಬೇರೆಯಾದ ದಿನಾಂಕ. ಇದು ಮನೆ ಬಿಟ್ಟ ದಿನವೇ ಆಗಬೇಕಿಲ್ಲ. ಮದುವೆ ಮುಗಿಯಿತೆಂದು ಒಬ್ಬರು ಇನ್ನೊಬ್ಬರಿಗೆ ತಿಳಿಸಿ, ನಡವಳಿಕೆಯೂ ಅದಕ್ಕೆ ತಕ್ಕಂತೆ ಬದಲಾದ ದಿನ. ಆ ಎರಡು ದಿನಾಂಕಗಳ ನಡುವೆ ದುಡಿದದ್ದು, ಯಾರ ಹೆಸರಿನಲ್ಲೇ ಇರಲಿ, ಇಲ್ಲಿನ ಕಾನೂನಿನಲ್ಲಿ ಇಬ್ಬರದೂ. ನಾನು ಯುಗಾದಿಯ ಹಿಂದಿನ ವಾರ ಎಂದು ಬರೆದೆ, ಅವರು ದಸರೆಯೆಂದರು. ನಡುವೆ ಅವರ ಬೋನಸ್ ಬಂದಿತ್ತು! ಜಗಳವಿಲ್ಲವೆಂದು ಹೊರಟ ನಾವು ಅದೊಂದಕ್ಕೆ ನಾಲ್ಕು ತಿಂಗಳು ಕಳೆದೆವು. ಆ ದಿನಾಂಕವನ್ನು ಈಗಲೇ ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ.

ಸೈಟಿನ ವಿಷಯ. ಮದುವೆಯಾಗಿ ಐದು ವರ್ಷದೊಳಗೆ ಬೇರೆಯಾದವರಿಗೆ, ಮಕ್ಕಳಿಲ್ಲದಿದ್ದರೆ, ಆಸ್ತಿ ಮತ್ತು ಸಾಲ ಒಂದು ಮಿತಿಯೊಳಗಿದ್ದರೆ, ಇಬ್ಬರೂ ಸೇರಿ ಹಾಕುವ ಸರಳ ದಾರಿಯೊಂದಿದೆ, ಸಮ್ಮರಿ ಡಿಸಲ್ಯೂಷನ್ ಎನ್ನುತ್ತಾರೆ. ನಿಮ್ಮ ಕಣ್ಣು ಅದರ ಮೇಲೆಯೇ ಇರಬೇಕು. ಆದರೆ ಸ್ಥಿರಾಸ್ತಿ ಎಲ್ಲಿಯೂ ಇರಕೂಡದು. ಎಲ್ಲಿಯೂ ಎಂದರೆ ವಿಜಯನಗರವೂ ಸೇರಿ. ಹಾಗಾಗಿ ನಿಮ್ಮದು ಎಫ್‌ಎಲ್-100 ಎಂಬ ವಿಚ್ಛೇದನದ ಅರ್ಜಿ ಫಾರಂನಿಂದ ಶುರುವಾಗುವ ಸಾಮಾನ್ಯ ದಾರಿ. ಸೈಟಿನ ಕ್ರಯಪತ್ರ, ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ) ಮೂರನ್ನೂ ತರಿಸಿ. ಮದುವೆಗೆ ಮುಂಚೆ ಕೊಂಡದ್ದಾದರೆ ಅವರದೇ. ಆಮೇಲೆ ಇಲ್ಲಿನ ಸಂಬಳದಿಂದ ಕಂತು ಕಟ್ಟಿದ್ದರೆ ನಿಮ್ಮ ಪಾಲೂ ಅದರಲ್ಲಿದೆ.

ಆಸ್ತಿ ಮತ್ತು ಸಾಲದ ಪಟ್ಟಿಗೆ ಎಫ್‌ಎಲ್-142 ಎಂಬ ಫಾರಂ ಇದೆ. ಅರ್ಜಿ ಹಾಕುವ ಮೊದಲೇ ಅದನ್ನು ಬಿಡಿಸಿಟ್ಟುಕೊಂಡು ಕೂತರೆ ಏನು ಹುಡುಕಬೇಕೆಂದು ಅದೇ ಹೇಳುತ್ತದೆ. ಬ್ಯಾಂಕ್ ಖಾತೆ, ಕಾರು, 401ಕೆ ಎಂಬ ನಿವೃತ್ತಿಯ ಉಳಿತಾಯ, ಕಂಪನಿಯ ಷೇರು, ವಿಮೆ, ಕ್ರೆಡಿಟ್ ಕಾರ್ಡಿನ ಬಾಕಿ. ಅದರ ಜೊತೆಗೆ ಊರಿನ ಎನ್‌ಆರ್‌ಇ ಖಾತೆ, ಎಲ್‌ಐಸಿ, ಹಳೆಯ ಕೆಲಸದ ಪಿಎಫ್. ಇವನ್ನು ಬಿಟ್ಟರೆ ಮುಚ್ಚಿಟ್ಟಂತೆ. ಎರಡು ವರ್ಷದ ತೆರಿಗೆ ವಿವರ, ಎರಡು ತಿಂಗಳ ಸಂಬಳದ ಚೀಟಿಯೂ ಬೇಕು. ಎಲ್ಲವೂ ಅವರ ಮೊಬೈಲಿಗೆ ಬರುವ ಒಟಿಪಿಯ ಹಿಂದೆ ಇದ್ದರೆ, ಮನಸ್ಸು ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕೂತು ನಕಲು ಇಳಿಸಿಕೊಳ್ಳಿ.

ಒಡವೆಗೂ ಆ ಪಟ್ಟಿಯ ಫಾರಂನಲ್ಲಿ ಒಂದು ಸಾಲಿದೆ. ನಾನು ಅಮ್ಮ ಕೊಟ್ಟ ಬಳೆಗಳನ್ನು ಸಾಂಬಾರ್ ಪುಡಿ ತೂಗುವ ತಕ್ಕಡಿಯಲ್ಲಿಟ್ಟು, ಗ್ರಾಂ ಬರೆದುಕೊಂಡು, ಫೋಟೊ ತೆಗೆದೆ. ಬಿಲ್ಲಿನ ಮೇಲೆ ಅಪ್ಪನ ಹೆಸರಿತ್ತು. ಅದೊಂದೇ ಚೀಟಿಯಿಂದ, ಅದು ತವರಿನದೆಂಬ ಮಾತಿಗೆ ಎದುರು ಮಾತೇ ಬರಲಿಲ್ಲ. ನಿಮ್ಮದರ ಬಿಲ್ಲೂ ಅಮ್ಮನ ಬೀರುವಿನಲ್ಲಿ ಇದ್ದೀತು, ಕೇಳಿ ನೋಡಿ.

ಖರ್ಚು, ಮೊದಲ ಅರ್ಜಿಗೆ 435ರಿಂದ 450 ಡಾಲರ್. ಆದಾಯವಿಲ್ಲದವರಿಗೆ ಶುಲ್ಕ ಮನ್ನಾದ ಫಾರಂ ಬೇರೆ ಇದೆ. ಕಾಗದವನ್ನು ಅವರಿಗೆ ನೀವೇ ಕೊಡುವಂತಿಲ್ಲ, ಹದಿನೆಂಟು ತುಂಬಿದ ಮೂರನೆಯವರು ತಲುಪಿಸಬೇಕು. ಆ ದಿನದಿಂದ ಆರು ತಿಂಗಳು ಒಂದು ದಿನ ಕಳೆಯದೆ ವಿಚ್ಛೇದನ ಆಗುವುದಿಲ್ಲ.

ಆ ಆರು ತಿಂಗಳನ್ನು ನಿಮ್ಮ ವೀಸಾಕ್ಕೆ ಬಳಸಿಕೊಳ್ಳಿ. ಅರ್ಜಿ ಹಾಕಿದ ಮಾತ್ರಕ್ಕೆ ಎಚ್-4 ಹೋಗುವುದಿಲ್ಲ, ವಿಚ್ಛೇದನ ಅಂತಿಮವಾದ ದಿನ ಅದರ ಆಧಾರ ಕಳಚುತ್ತದೆ. ಓದಿಗೆ ಸೇರುವುದೋ, ಬೇರೆ ಸ್ಥಿತಿಗೆ ಬದಲಾಗುವುದೋ, ಊರಿಗೆ ಮರಳುವುದೋ, ಅಷ್ಟರೊಳಗೆ ತೀರ್ಮಾನವಾಗಬೇಕು. ಪಾಸ್‌ಪೋರ್ಟ್, ದೇಶದೊಳಗೆ ಬಂದ ದಾಖಲೆಯಾದ ಐ-94, ವಲಸೆ ಇಲಾಖೆ ಕೊಟ್ಟ ನಿಮ್ಮ ಮತ್ತು ಅವರ ಐ-797 ಮಂಜೂರಾತಿ ಪತ್ರಗಳ ನಕಲು ನಿಮ್ಮದೇ ಇಮೇಲಿನಲ್ಲಿರಲಿ. ದುಡ್ಡು ಖರ್ಚು ಮಾಡಿ ವಕೀಲರನ್ನು ನೋಡಲೇಬೇಕೆಂದರೆ ವಲಸೆಯ ವಕೀಲರನ್ನು ನೋಡಿ. ಫಾರಂ ತುಂಬುವುದಕ್ಕೆ ಪ್ರತಿ ಕೌಂಟಿಯ ಕೋರ್ಟಿನಲ್ಲೂ ಪುಕ್ಕಟೆ ಸಹಾಯ ಸಿಗುತ್ತದೆ.

ಒಂದು ಉಳಿತಾಯದ ಸಲಹೆ ನಿಮಗೆ ಬಂದೇ ಬರುತ್ತದೆ: ಅವರು ಉತ್ತರ ಸಲ್ಲಿಸುವುದೇ ಬೇಡ, ನೋಟರಿ ಮುಂದೆ ಒಪ್ಪಂದಕ್ಕೆ ಸಹಿ ಹಾಕಲಿ, ಉತ್ತರಕ್ಕೆ ಕಟ್ಟಬೇಕಾದ ಎರಡನೆಯ ಶುಲ್ಕ ಉಳಿಯುತ್ತದೆ ಎಂದು. ಇಲ್ಲಿ ಅದು ನಡೆಯುತ್ತದೆ. ಆದರೆ ಹೊರದೇಶದ ವಿಚ್ಛೇದನವನ್ನು ಭಾರತ ಒಪ್ಪಬೇಕಾದರೆ ಇಬ್ಬರೂ ಆ ಕೋರ್ಟಿಗೆ ಮನಸಾರೆ ಒಳಪಟ್ಟಿರುವುದು ಬಹಳ ಮುಖ್ಯವೆಂದು ನಮ್ಮ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನಾಳೆ ಬೆಂಗಳೂರಿನಲ್ಲಿ ಇನ್ನೊಂದು ಮದುವೆಯಾಗಲು ಹೊರಟಾಗ ಯಾರಾದರೂ ತಕರಾರು ತೆಗೆದರೆ ಆ ಉಳಿಸಿದ ನಾನೂರು ಡಾಲರ್ ಕಣ್ಣಿಗೆ ಕುಟುಕುತ್ತದೆ. ಅವರಿಂದ ಉತ್ತರ ಹಾಕಿಸಿ, ಎರಡೂ ಸಹಿ ಕೋರ್ಟಿನ ಕಡತದಲ್ಲಿರಲಿ.

ಇಲ್ಲಿನ ಕಾಗದಗಳೆಲ್ಲ ಒಂದು ಶನಿವಾರದ ಕೆಲಸ. ತಡವಾಗುವುದು ಮೈಸೂರಿನವು. ಆ ಕಡೆಗೆ ಇವತ್ತು ರಾತ್ರಿಯೇ ಫೋನ್ ಮಾಡಿ, ಅಲ್ಲಿ ಆಗ ಬೆಳಗಾಗಿರುತ್ತದೆ.